ಅಕ್ಕನ ಈಳಿಗೆಗೆ ಜಪಾನಿನ ಹದ

ನಮ್ಮನೆಯವರ ಹೆಸರು ಪಾರ್ಥಸಾರಥಿ. ಹೆಸರಿಗಷ್ಟೇ ಸಾರಥಿ. ಬಸ್ಸಿನಲ್ಲಿ ಕೂರಿಸಿದರೆ ಇಳಿಯಬೇಕಾದ ಊರು ದಾಟಿದ್ದೂ ಗೊತ್ತಾಗದ ಮನುಷ್ಯ. ಹಳೇಬೀಡಿನ ನಮ್ಮ ಮನೆಯಿಂದ ಜಾವಗಲ್ ದಾರಿಯಾಗಿ ಬಾಣಾವರಕ್ಕೆ ಹೋಗಿ, ಅಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಕೆಲಸ ಮಾಡುತ್ತಾರೆ. ಕೆಲಸದಲ್ಲಿ ಚೂರೂ ತಪ್ಪಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಕೌಂಟರಿನ ಕಿಟಕಿ ಮುಚ್ಚಿದ ಮೇಲೆ ಮಾತ್ರ ಯಾವ ಲೋಕದಲ್ಲಿರುತ್ತಾರೋ ಆ ಪರಮಾತ್ಮನಿಗೇ ಗೊತ್ತು. ನುಗ್ಗೇಕಾಯಿ ತನ್ನಿ ಎಂದು ಕಳಿಸಿದರೆ ಕೆರೆಯಂಚಿನಲ್ಲಿ ಸಿಕ್ಕ ಹಕ್ಕಿಯ ಗರಿ ಹಿಡಿದು ಬಂದವರು. ನಾನು ಶಾಲೆಯಲ್ಲಿ ಪಾಠ ಹೇಳುವವಳು. ಹೀಗೆ ಕಿಟಕಿಯಾಚೆ ನೋಡುತ್ತಾ ಕೂರುವವರನ್ನು ಕಂಡರೆ ಬೆಂಚಿನ ಮೇಲೆ ನಿಲ್ಲಿಸಬೇಕು ಅನ್ನಿಸುತ್ತದೆ. ಗಂಡನನ್ನು ಬೆಂಚಿನ ಮೇಲೆ ನಿಲ್ಲಿಸುವ ಹಾಗಿಲ್ಲವಲ್ಲ, ಅದಕ್ಕೇ ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ.

ಅವರನ್ನು ಸಾಕಿದ್ದು ಅವರ ಅಕ್ಕ ಚೆಲುವಾಂಬ. ತಾಯಿ ತೀರಿಕೊಂಡಾಗ ತಮ್ಮನಿನ್ನೂ ಮೊಸರನ್ನ ತಿನ್ನಲು ಹಟ ಮಾಡುವ ವಯಸ್ಸಿನವನು. ಅವನನ್ನು ಬೆಳೆಸಿ ಒಂದು ದಡ ಸೇರಿಸುವ ಹೊತ್ತಿಗೆ ಅಕ್ಕನ ಮದುವೆಯ ಮಾತೇ ಮನೆಯಲ್ಲಿ ಮರೆತುಹೋಗಿತ್ತು. ನಮ್ಮದು ದೇವಸ್ಥಾನದ ಸೇವೆಯ ಮನೆತನ. ಬೀದಿಯ ಕೊನೆಯಲ್ಲಿರುವ ಪುಟ್ಟ ವೇಣುಗೋಪಾಲನ ಗುಡಿಯಲ್ಲಿ ಪೂಜೆ ಬೇರೆಯವರದು, ಮಡಪಳ್ಳಿಯಲ್ಲಿ, ಎಂದರೆ ದೇವರ ಅಡುಗೆಮನೆಯಲ್ಲಿ, ತರಕಾರಿ ಹೆಚ್ಚುವ ಸೇವೆ ನಮ್ಮ ಮನೆಯವರದು. ಅಕ್ಕ ಹುಡುಗಿಯಾಗಿದ್ದಾಗಿನಿಂದ ಅಲ್ಲಿ ಕಿಟಕಿಯ ಪಕ್ಕ, ಈಳಿಗೆಮಣೆಯ ಮೇಲೆ ಕಾಲು ಮಡಿಸಿ ಕೂತವರು. ಬೂದುಗುಂಬಳ, ಬಾಳೆಕಾಯಿ, ಅವರೆಕಾಯಿ, ಯಾವ ಕಾಲಕ್ಕೆ ಏನು ಬರುತ್ತದೋ ಅದು ಅವರ ಎರಡು ಕೈಗಳ ನಡುವೆ ಬಂದು, ನೆಟ್ಟಗೆ ನಿಂತ ಅಲಗನ್ನು ಮುಟ್ಟಿ, ಸದ್ದಿಲ್ಲದೆ ಹೋಳಾಗುತ್ತಿತ್ತು. ಊರಿನ ಜನ ಪುಳಿಯೋಗರೆ ಹೊಗಳುತ್ತಿದ್ದರು. ಅಕ್ಕನಿಗೆ ಹೋಳು ಹೊಗಳಿದರೆ ಮಾತ್ರ ಖುಷಿ.

ಹೋದ ವರ್ಷದ ಹಿಂದಿನ ವರ್ಷ ಅಕ್ಕನಿಗೆ ಲಕ್ವ ಹೊಡೆಯಿತು. ಮಾತು ಬಂತು, ನಡಿಗೆ ಬಂತು, ಬಲಗೈ ಮಾತ್ರ ಅರ್ಧ ದಾರಿಗೆ ಬಂದು ನಿಂತುಬಿಟ್ಟಿತು. ಹಿಡಿಯುತ್ತದೆ, ಒತ್ತುವ ಬಲವಿಲ್ಲ. ಚಾಕು ಕೊಟ್ಟರೆ ಜಾರುತ್ತದೆ. ಒಂದು ಶನಿವಾರ ಹಟ ಮಾಡಿ ಮಡಪಳ್ಳಿಗೆ ಹೋಗಿ ಕೂತರು. ಸಿಹಿಗುಂಬಳ ಅಲಗಿಗೆ ಕಚ್ಚಿಕೊಂಡು ನಿಂತಿತು, ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಪೂಜೆಯ ಭಟ್ಟರು ಒಳ್ಳೆಯ ಮನಸ್ಸಿನಿಂದಲೇ, "ಬಿಡಿ ಅಕ್ಕ, ಸಾಕು ಮಾಡಿ. ಇನ್ನು ಮನೇಲಿ ಹಾಯಾಗಿರಿ" ಎಂದರು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಎದ್ದು ಬಂದರು. ಅವತ್ತಿನಿಂದ, "ಇವತ್ತು ನೈವೇದ್ಯಕ್ಕೆ ಏನು?" ಎಂದು ಕೇಳುವುದನ್ನೂ ಬಿಟ್ಟರು. ಬದುಕಿಡೀ ಕೇಳಿದ ಪ್ರಶ್ನೆ ಅದು. ಅಕ್ಕ ಮತ್ತೆ ಆ ಕಿಟಕಿಯ ಪಕ್ಕ ಕೂರಬೇಕು, ನಮ್ಮನೆಯವರಿಗೆ ಬೇಕಾಗಿದ್ದುದು ಅದೊಂದೇ. ಅದು ಬೇಕೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹಳೆಯ ಈಳಿಗೆಯನ್ನು ಮನೆಗೆ ತಂದು, ಹಿತ್ತಲ ಕಲ್ಲಿನ ಮೇಲೆ ಮಸೆಯಲು ಶುರು ಮಾಡಿದರು.

ಮಸೆಯುವುದು ಹೇಗೆಂದು ಫೋನಿನಲ್ಲಿ ಹುಡುಕಿದ್ದೇ ಎಡವಟ್ಟಾಯಿತು. ಫೋನು ಅವರನ್ನು ನೇರವಾಗಿ ಜಪಾನಿಗೆ ಕರೆದುಕೊಂಡು ಹೋಯಿತು. ಅಲ್ಲಿ ಯಾರೋ ಮುದುಕ ಬಿಳಿ ಬಟ್ಟೆ ಉಟ್ಟು, ಒದ್ದೆ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಒಂದು ಕತ್ತಿಯನ್ನು ಮಗುವಿಗೆ ಎಣ್ಣೆ ತಿಕ್ಕುವ ಹಾಗೆ ತಿಕ್ಕುತ್ತಿದ್ದ. ಕತ್ತಿಯ ಅಂಚಿನುದ್ದಕ್ಕೂ ಬೆಳ್ಳಗೆ ಒಂದು ಅಲೆ. ಅದು ಕೆತ್ತಿದ್ದಲ್ಲ, ಬಳಿದದ್ದಲ್ಲ, ಉಕ್ಕಿನ ಒಳಗಿನದು. ನಮ್ಮನೆಯವರು ಆ ಅಲೆಯೊಳಗೆ ಬಿದ್ದವರು ತಿಂಗಳುಗಟ್ಟಲೆ ಏಳಲಿಲ್ಲ.

ಆಮೇಲೆ ದಿನಾ ಸಂಜೆ ದ್ವಾರಸಮುದ್ರದ ಕೆರೆ ಏರಿಯ ಮೇಲೆ ನನಗೆ ಪಾಠ. ಸೂರ್ಯ ಮುಳುಗುವ ಹೊತ್ತು, ನೀರಿನ ಮೇಲೆ ಬಣ್ಣ ಕರಗುತ್ತಿರುತ್ತದೆ, ಇವರು ಯಾವುದೋ ದೂರದ ಊರಿನಿಂದ ಮಾತಾಡುತ್ತಿರುತ್ತಾರೆ. "ಕತ್ತಿಯ ಬೆನ್ನಿಗೆ ದಪ್ಪಗೆ ಮಣ್ಣು ಮೆತ್ತುತ್ತಾರೆ ಪುಷ್ಪ, ಅಂಚಿಗೆ ತೆಳ್ಳಗೆ. ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ಅಂಚು ಥಟ್ಟನೆ ತಣ್ಣಗಾಗಿ ಗಡುಸಾಗುತ್ತೆ. ಬೆನ್ನು ನಿಧಾನಕ್ಕೆ ಆರಿ ಮೆತ್ತಗೆ ಉಳಿಯುತ್ತೆ. ಎರಡೂ ಸೇರೋ ಕಡೆ ಆ ಗೆರೆ ಮೂಡುತ್ತೆ. ಮಣ್ಣು ಹೇಗೆ ಬಳಿದರೆ ಗೆರೆ ಹಾಗೆ." ಒಂದೊಂದು ಗೆರೆಗೂ ಒಂದೊಂದು ಹೆಸರಂತೆ. ಸುಮ್ಮನೆ ನೇರ ಓಡುವುದು ಒಂದು. ನಿಧಾನವಾಗಿ ಏರಿಳಿಯುವುದು ನೊತಾರೆ. ಲವಂಗದ ಮೊಗ್ಗು ಸಾಲಾಗಿ ಅರಳಿದಂತಿರುವುದು ಚೋಜಿ. ಮೂರು ಮೂರು ಮರಗಳ ತುದಿ ಕಂಡಂತೆ ಇನ್ನೊಂದು, ಬಿದಿರಿನ ಪರದೆ ಇಳಿಬಿಟ್ಟಂತೆ ಮತ್ತೊಂದು, ದಡಕ್ಕೆ ಬಡಿಯುವ ದೊಡ್ಡ ತೆರೆಯಂತೆ ಮಗದೊಂದು. "ನನ್ನ ಸೀರೆ ಅಂಚನ್ನ ಯಾವತ್ತಾದ್ರೂ ಹೀಗೆ ನೋಡಿದೀರಾ?" ಎಂದೆ. "ನೋಡಿದೀನಲ್ಲ, ನೊತಾರೆ" ಎಂದರು ಕೆರೆ ನೋಡುತ್ತಲೇ. ಅವತ್ತು ನಾನು ಉಟ್ಟಿದ್ದದ್ದು ಚೌಕುಳಿ ಅಂಚಿನ ಸೀರೆ.

ಆಕಾರಗಳ ಹುಚ್ಚು ಇನ್ನೂ ಜಾಸ್ತಿ. ಎಲ್ಲ ಕತ್ತಿಯೂ ಒಂದೇ ಥರ ಅಂದುಕೊಂಡಿದ್ದ ನನಗೆ, ಅಲ್ಲೂ ವಿಚಿತ್ರಗಳಿವೆ ಎಂದು ತಿಳಿದದ್ದು ಆಗಲೇ. ತುದಿಯ ಕಡೆ ಅರ್ಧದಷ್ಟು ಎರಡೂ ಬದಿಗೆ ಅಲಗು ಇರುವುದಕ್ಕೆ ಪುಟ್ಟ ಕಾಗೆ ಎಂದು ಹೆಸರು. ನಮ್ಮ ಬಜೆಯ ಎಲೆಯಂತೆ ಅಡ್ಡಗೆರೆಯಿಲ್ಲದೆ ತುದಿಗೆ ಸಪೂರವಾಗುವುದು ಇನ್ನೊಂದು. ಮಗುವಿಗೆ ತೇದು ನೆಕ್ಕಿಸುವ ಬಜೆ ಜಪಾನಿಗೆ ಹೋಗಿ ಕತ್ತಿಯಾದದ್ದು ಕೇಳಿ ನನಗೂ ಒಂದು ಕ್ಷಣ ಮಜವೆನಿಸಿತು, ಸುಳ್ಳೇಕೆ ಹೇಳಲಿ. ಇವರ ಮನಸ್ಸು ನಿಂತದ್ದು ಮಾತ್ರ ನೀರುಕಾಗೆಯ ಕತ್ತು ಎಂಬ ಆಕಾರದ ಮೇಲೆ. ಕತ್ತಿಯ ನಡುವಿನಲ್ಲಿ ಬೆನ್ನನ್ನು ತೆಳ್ಳಗೆ ತೆಗೆದು, ತುದಿಗೆ ಬರುವಾಗ ಮತ್ತೆ ದಪ್ಪ ಬಿಡುವುದು. ಕೆರೆಯ ನಡುವಿನ ಒಣಗಿದ ಕೊಂಬೆಯ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಕೂತಿರುತ್ತವೆ. ಇವರು ಅವುಗಳ ಕತ್ತು ನೋಡುತ್ತಾ ಕತ್ತಲಾಗುವವರೆಗೆ ನಿಲ್ಲುತ್ತಿದ್ದರು.

ಒಂದು ಸಂಜೆ ನನಗೆ ರೇಗಿತು. "ಅಲ್ಲಾರೀ, ಅಕ್ಕ ಗೋಡೆ ನೋಡ್ಕೊಂಡು ಕೂತಿದಾರೆ. ನೀವು ಜಪಾನಲ್ಲಿ ತಿರುಗ್ತಾ ಇದೀರಿ. ಊರಿಗೆಲ್ಲ ಒಂದು ದಾರಿ ಅಂದ್ರೆ ಎಡವಟ್ಟನಿಗೇ ಒಂದು ದಾರಿ!" ಎಂದು ಕೂಗಾಡಿದೆ. ಅವರು ತಿರುಗಿ ನೋಡಿದರು. ಕಣ್ಣಲ್ಲಿ ನೀರಿತ್ತು. "ಆ ಥರದ ಅಲಗು ಈಳಿಗೆಗೆ ಇದ್ದರೆ ಒತ್ತೋದೇ ಬೇಡ ಕಣೇ" ಎಂದರು. "ನಡು ತೆಳ್ಳಗಿರೋದ್ರಿಂದ ಕುಂಬಳಕಾಯಿ ಕಚ್ಚಿಕೊಳ್ಳಲ್ಲ. ಅಂಚು ಗಡುಸಾಗಿದ್ರೆ ಕೈಭಾರ ಸಾಕು. ಅಕ್ಕನ ಕೈಗೆ ಭಾರ ಇದೆ, ಬಲ ಇಲ್ಲ ಅಷ್ಟೆ." ಮನುಷ್ಯ ಕನಸಿನಲ್ಲಿ ಎಷ್ಟು ದೂರ ಹೋಗಿದ್ದರೂ ಹೋಗಿದ್ದು ಅಕ್ಕನ ಕೆಲಸದ ಮೇಲೇ.

ಬಾಣಾವರದಲ್ಲಿ ಸಂತೆ ಮೈದಾನದ ಹಿಂದೆ ಹುಚ್ಚಣ್ಣನ ಕುಲುಮೆ ಇದೆ. ತೆಂಗಿನಕಾಯಿ ಸುಲಿಯುವ ಸುಲುಗಿ, ಕುಡುಗೋಲು, ಮಚ್ಚು ಮಾಡುವವನು. ಇವರು ಹೋಗಿ ಜಪಾನಿನ ಕಥೆಯೆಲ್ಲ ಹೇಳಿದರು. ಹುಚ್ಚಣ್ಣ ಬೀಡಿ ಆರಿಸಿ, "ಕತ್ತಿ ಮಾಡಿದ್ರೆ ಪೊಲೀಸ್ನೋರು ಬತ್ತಾರೆ. ಈಳಿಗೆ ಆದ್ರೆ ಆಯ್ತದೆ ಬುಡಿ ಸ್ವಾಮಿ" ಎಂದನಂತೆ. ಸವೆದು ಮೂಲೆ ಸೇರಿದ್ದ, ಕಬ್ಬಿಣ ಉಜ್ಜುವ ಒಂದು ಉದ್ದನೆಯ ಅರವನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ಮೆತ್ತಗೆ ಮಾಡಿ, ಮತ್ತೆ ಕಾಯಿಸಿ ಬಡಿದು, ನೀರುಕಾಗೆಯ ಕತ್ತಿನ ಅಲಗು ತಯಾರಾಯಿತು. ಆಮೇಲೆ ಮಣ್ಣು ಬಳಿಯಬೇಕು. ಇಲ್ಲೇ ನೋಡಿ ನಮ್ಮ ಮನೆಯವರು ಮಾತ್ರ ಮಾಡಬಲ್ಲ ತಪ್ಪು ನಡೆದದ್ದು. ಜಪಾನಿನ ಮಣ್ಣು ನಯವಾಗಿತ್ತಲ್ಲವೇ, ಲೋಕದಲ್ಲಿ ಅದಕ್ಕಿಂತ ನಯವಾದ, ಅದಕ್ಕಿಂತ ಪವಿತ್ರವಾದ ಮಣ್ಣು ಯಾವುದು ಎಂದು ಯೋಚಿಸಿ, ದೇವರ ಮನೆಯಿಂದ ತಿರುಮಣ್ಣಿನ ಗಟ್ಟಿ ತೆಗೆದುಕೊಂಡು ಹೋದರು. ಹಣೆಗೆ ನಾಮ ಇಡುವ ಬಿಳಿಮಣ್ಣು! ಅದನ್ನು ಕಲಸಿ, ಅಲಗಿನ ಬೆನ್ನಿಗೆಲ್ಲ ಭಕ್ತಿಯಿಂದ ಬಳಿದರು.

ಬೆಂಕಿಯ ಬಣ್ಣ ಸರಿಯಾಗಿ ಕಾಣಲೆಂದು ಜಪಾನಿನವರು ಕತ್ತಲು ಮಾಡಿಕೊಳ್ಳುತ್ತಾರಂತೆ. ಹಾಗಾಗಿ ನಡುಮಧ್ಯಾಹ್ನ ಕುಲುಮೆಯ ಬಾಗಿಲಿಗೆ ಕಂಬಳಿ ಇಳಿಬಿಟ್ಟರು. ಕೆಂಡ ಕೆಂಪಾಯಿತು, ಅಲಗು ಕೆಂಪಾಯಿತು, ನಾಮದ ಮಣ್ಣು ಬಿಲ್ಲೆಬಿಲ್ಲೆಯಾಗಿ ಉದುರಿ ಕೆಂಡದೊಳಗೆ ಬಿತ್ತು. ನೀರಿಗೆ ಅದ್ದಿದಾಗ 'ಟಿಣ್' ಎಂದು ಒಂದು ಸಣ್ಣ ಸದ್ದು. ಅಲಗು ಬೆನ್ನಿನವರೆಗೆ ಸೀಳಿತ್ತು. ಹುಚ್ಚಣ್ಣ ಅದನ್ನು ಇಕ್ಕಳದಲ್ಲಿ ಎತ್ತಿ ಹಿಡಿದು, "ನಾವು ಇದುಕ್ಕೆ ನಾಮ ಹಾಕುದ್ವಿ, ಇದು ನಮ್ಗೇ ನಾಮ ಹಾಕ್ತು ಕಣ್ ಸ್ವಾಮಿ" ಎಂದು ನಕ್ಕನಂತೆ. ಮನೆಗೆ ಬಂದು ಹೇಳಿದಾಗ ನಾನೂ ನಕ್ಕೆ. ಗೋಡೆಯ ಕಡೆ ಮುಖ ಮಾಡಿದ್ದ ಅಕ್ಕನ ಭುಜ ಕೂಡ ಕುಲುಕಿದ್ದು ಕಂಡೆ. ಇವರು ಮಾತ್ರ ನಗಲಿಲ್ಲ, ಊಟವನ್ನೂ ಮಾಡಲಿಲ್ಲ.

ಹುಚ್ಚಣ್ಣ ಇನ್ನೊಂದು ಹಳೇ ಅರದಿಂದ ಅಂಥದೇ ಅಲಗು ಬಡಿದುಕೊಟ್ಟ. ಎರಡನೇ ಸಲ ಮಣ್ಣಿನ ಬಗ್ಗೆ ಯೋಚನೆಯೇ ಯೋಚನೆ. ಹುತ್ತದ ಮಣ್ಣು ಬೆಂಕಿ ತಡೆಯುತ್ತದೆ, ಆದರೆ ನಾಗಪ್ಪನ ಮನೆಗೆ ಹಾರೆ ಹಾಕುವವರು ಯಾರು? ಹುತ್ತಕ್ಕೆ ಕೈಮುಗಿದು, ಮಳೆಗೆ ಕರಗಿ ಕೆಳಗೆ ಹರಡಿದ್ದನ್ನಷ್ಟೇ ಬಾಚಿ ತಂದರು. ಅದಕ್ಕೆ ಇದ್ದಿಲ ಪುಡಿ ಬೆರೆಸಿದರು. ಜಪಾನಿನವರು ಕಲ್ಲಿನ ಪುಡಿಯನ್ನೂ ಬೆರೆಸುತ್ತಾರೆ, ಅದಕ್ಕೆ ಊರಿನ ದೊಡ್ಡ ದೇವಸ್ಥಾನದ ಮುಂದೆ ಪ್ರವಾಸಿಗಳಿಗೆ ಮಾರಲು ಪುಟ್ಟ ಆನೆ, ಗಣಪತಿ ಕೆತ್ತುವವರ ಹತ್ತಿರ ಹೋಗಿ ಬಳಪದ ಕಲ್ಲಿನ ಪುಡಿ ಕೇಳಿ ತಂದರು. ಎಲ್ಲವನ್ನೂ ಕಲಸಿ, ಅಲಗಿನ ಮೇಲೆ ಬಿದಿರುಕಡ್ಡಿಯಿಂದ ಮೆಲ್ಲಗೆ ಅಲೆ ಬರೆದರು. ಭಾನುವಾರವಾದ್ದರಿಂದ ಆ ಸಲ ನಾನೂ ಕುಲುಮೆಯಲ್ಲಿದ್ದೆ. ಲವಂಗವೋ ಮರದ ತುದಿಯೋ ಎಂದು ಕೇಳಿದೆ. "ನಮ್ಮ ಕೆರೆ" ಎಂದರು. ಗಾಳಿ ಸ್ವಲ್ಪವೇ ಇದ್ದಾಗಿನ ಕೆರೆ.

ಕಂಬಳಿಯ ಕತ್ತಲಲ್ಲಿ ಹುಚ್ಚಣ್ಣನ ಮುಖ ಕಾಣುತ್ತಿರಲಿಲ್ಲ, ಕೆಂಡ ಮಾತ್ರ ಕಾಣುತ್ತಿತ್ತು. ಹೊರಗೆ ಎಲ್ಲೋ ರೈಲು ಕೂಗಿ ಹೋಯಿತು. ಸೆಖೆ, ಇದ್ದಿಲ ವಾಸನೆ, ಊದುವ ಗಾಳಿಯ ಒಂದೇ ಸಮನೆ ಸದ್ದು. ನಾನು ಎಲ್ಲಿದ್ದೇನೆ ಎಂಬುದೇ ಮರೆತುಹೋದಂತಾಯಿತು. ಅಲಗು ಮಾಗಿದ ಹಣ್ಣಿನ ಬಣ್ಣಕ್ಕೆ ಬಂದಾಗ ಇವರು "ಈಗ" ಎಂದು ಪಿಸುಗುಟ್ಟಿದರು. ಉಗುರು ಬೆಚ್ಚಗಿನ ನೀರೊಳಗೆ ಅಲಗು ಇಳಿಯಿತು. 'ಟಿಣ್' ಎನ್ನಲಿಲ್ಲ. ಬದಲಿಗೆ, ಮುಂದಕ್ಕೆ ಕತ್ತು ಬಗ್ಗಿಸಿಕೊಂಡು ನೀರಿಗೆ ಹೋಗಿದ್ದ ಅಲಗು, ಕೊಂಚ ಕತ್ತೆತ್ತಿಕೊಂಡು ಹೊರಗೆ ಬಂತು. ನೀರಿನಲ್ಲಿ ಕತ್ತಿ ತಾನೇ ಬಾಗುತ್ತದೆ ಎಂದು ಇವರು ಏರಿಯ ಮೇಲೆ ಹೇಳಿದ್ದಾಗ ನಾನು ಆಕಳಿಸಿದ್ದೆ. ಕಣ್ಣಾರೆ ಕಂಡಾಗ ಮೈ ಜುಮ್ಮೆಂದಿತು. "ಜೀವ ಐತೆ ಇದುಕ್ಕೆ" ಎಂದ ಹುಚ್ಚಣ್ಣ.

ಅಲಗನ್ನು ಮತ್ತೆ ಸ್ವಲ್ಪ ಬೆಚ್ಚಗೆ ಮಾಡಿ, ಸಾಣೆ ಚಕ್ರಕ್ಕೆ ಹಿಡಿದು, ಹಲಸಿನ ಮಣೆಗೆ ಕೂರಿಸಿದ್ದಾಯಿತು. ಮನೆಯಲ್ಲಿ ಇವರು ರಜೆ ಹಾಕಿ ಕಲ್ಲಿನ ಮೇಲೆ ಮಸೆದರು. ಮುಖ ಕಾಣುವಷ್ಟು ಹೊಳೆಯಿತು. ಆದರೆ ಅಲೆ ಕಾಣಲಿಲ್ಲ. ಬಿಸಿಲಿಗೆ ಹಿಡಿದರು, ದೀಪಕ್ಕೆ ಹಿಡಿದರು, ಕನ್ನಡಕ ಹಾಕಿ ತೆಗೆದು ನೋಡಿದರು. ಹೋಟೆಲಿನ ಸ್ಟೀಲ್ ತಟ್ಟೆಯಂತೆ ಬರೀ ಹೊಳಪು, ಒಂದು ಗೆರೆಯೂ ಇಲ್ಲ.

ಹೊಸ ಈಳಿಗೆಗೆ ಮೊದಲು ಬೂದುಗುಂಬಳ ಹೆಚ್ಚಬೇಕು, ಇಡೀ ಕುಂಬಳಕ್ಕೆ ಮೊದಲ ಪೆಟ್ಟು ಗಂಡಸೇ ಹಾಕಬೇಕು, ಹೆಂಗಸು ಹಾಕಬಾರದು. ಅದು ನಮ್ಮಲ್ಲಿನ ಪದ್ಧತಿ. ಅಕ್ಕ ಗೋಡೆಯ ಕಡೆಯಿಂದ ತಿರುಗಿ ಕೂತು, "ಕುಂಕುಮ ಇಟ್ಟು ಹೆಚ್ಚೋ ಪಾಚು" ಎಂದರು. ಅಕ್ಕನ ಬಾಯಲ್ಲಿ ಪಾರ್ಥಸಾರಥಿ ಪಾಚು. ಇವರು ಹೆಚ್ಚಿದರು. ಕಾಯಿ ಎರಡಾಯಿತು, ಸದ್ದೇ ಇಲ್ಲ. ನಾನು ಆಹಾ ಎಂದೆ. ಇವರು ಹೋಳಿನ ಕಡೆ ನೋಡಲೇ ಇಲ್ಲ, ಅಲಗನ್ನು ಒರೆಸಿ ಮತ್ತೊಮ್ಮೆ ಬೆಳಕಿಗೆ ಹಿಡಿದರು. "ಹದ ಕೂತಿಲ್ಲ. ಕೂತಿದ್ರೆ ಗೆರೆ ಇರ್ತಿತ್ತು" ಎಂದರು. "ನಾಕು ದಿನಕ್ಕೆ ಮೊಂಡಾಗುತ್ತೆ. ಅಕ್ಕನ ಕೈಲಿ ಮತ್ತೆ ಕಚ್ಚಿಕೊಂಡರೆ ಇನ್ನೊಂದು ಸಲ ಆ ಅವಮಾನ ಬೇಡ." ಈಳಿಗೆಗೆ ಹಳೇ ಪಂಚೆ ಸುತ್ತಿ ಮೂಲೆಗಿಟ್ಟರು. ಅಕ್ಕ, "ನಾನು ಹೆಚ್ಚಿ ನೋಡಲೇನೋ?" ಎಂದು ಕೇಳಲಿಲ್ಲ. ಅವರಿಗೂ ಭಯವಿತ್ತು. ಆ ವಾರವೆಲ್ಲ ನಮ್ಮ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಅನ್ನ ಬಡಿಸಿಕೊಂಡೆವು. ಕೆರೆ ಏರಿಗೆ ಹೋಗುವುದೂ ನಿಂತಿತು. ಜಪಾನಿನ ಹೆಸರುಗಳನ್ನು ಕೇಳದೆ ನನಗೇ ಬೇಜಾರಾಗತೊಡಗಿತು ನೋಡಿ.

ರಾಮನವಮಿ ಬಂತು. ಗುಡಿಯಲ್ಲಿ ಕೋಸಂಬರಿ, ಪಾನಕ, ಮಜ್ಜಿಗೆ. ಇವರಿಗೆ ಹಿಂದಿನ ದಿನ ರಾತ್ರಿ ಪಾಳಿ, ಬೆಳಗಿನ ಬಸ್ಸಿಗೆ ಬಂದು ಗುಡಿಯ ಬಾವಿಯಲ್ಲೇ ಸ್ನಾನ ಮಾಡಿ ನೇರ ಅಂಗಳಕ್ಕೆ ಹೋಗಿ ಪಾನಕದ ಹಂಡೆಯ ಮುಂದೆ ನಿಲ್ಲುವುದೆಂದು ಮಾತಾಗಿತ್ತು. ನಾನು ಮಡಿಯುಟ್ಟು ಹೊರಡುವಾಗ ನೋಡುತ್ತೇನೆ, ಅಕ್ಕನ ಹಾಸಿಗೆ ಮಡಿಸಿದೆ, ಅಕ್ಕ ಇಲ್ಲ. ಮೂಲೆಯಲ್ಲಿ ಪಂಚೆ ಇದೆ, ಈಳಿಗೆ ಇಲ್ಲ. ಬೀದಿಯುದ್ದಕ್ಕೂ ಓಡಿದೆ.

ಅಕ್ಕ ಮಡಪಳ್ಳಿಯಲ್ಲಿ, ತಮ್ಮ ಕಿಟಕಿಯ ಪಕ್ಕ ಕೂತಿದ್ದರು. ಮುಂದೆ ಮಾವಿನಕಾಯಿಯ ಮಂಕರಿ. ಎಡಗೈ ಕಾಯನ್ನು ಹಿಡಿದಿತ್ತು, ಬಲಗೈ ಅದರ ಮೇಲೆ ಸುಮ್ಮನೆ ಒರಗಿತ್ತು, ಅಷ್ಟೆ. ಕಾಯಿ ಅಲಗಿನ ಮೇಲೆ ಮಲಗುತ್ತಿತ್ತು, ಮಲಗಿದ್ದು ಎರಡಾಗಿ ಏಳುತ್ತಿತ್ತು. ಕಿಟಕಿಯಿಂದ ಬಂದ ಬೆಳಕು ಅವರ ನರೆಗೂದಲ ಮೇಲೆ ಬಿದ್ದಿತ್ತು. ನನಗೆ ಕಾಲು ಮುಂದಿಡಲು ಮನಸ್ಸಾಗಲಿಲ್ಲ, ಮುಂದಿಟ್ಟರೆ ಎಲ್ಲ ಕರಗಿಹೋಗಬಹುದು ಎನ್ನಿಸಿತು. ಅಕ್ಕನೇ ನನ್ನ ನೋಡಿದರು. "ಹುಡುಗ ಮುಖ ಬಾಡಿಸ್ಕೊಂಡು ಓಡಾಡೋದು ನೋಡಕ್ಕಾಗ್ಲಿಲ್ಲ ಪುಷ್ಪ. ಅವಮಾನ ಆದ್ರೆ ಆಗ್ಲಿ ಅಂತ ಬಂದೆ" ಎಂದರು. ನಡುವಯಸ್ಸಿನ ನನ್ನ ಗಂಡನನ್ನು ಹುಡುಗ ಎನ್ನುವವರು ಈ ಭೂಮಿಯ ಮೇಲೆ ಅವರೊಬ್ಬರೇ.

ಮಾವಿನಕಾಯಿ ಮುಗಿದ ಮೇಲೆ ಅಕ್ಕ ಈಳಿಗೆಯನ್ನು ನನ್ನ ಕಡೆ ತಳ್ಳಿದರು. "ಕಪ್ಪು ಹತ್ತಿದೆ. ತೊಳೆದು ಕೊಡು, ಸೌತೇಕಾಯಿಗೆ ಬಣ್ಣ ಹಿಡಿಯುತ್ತೆ." ಬಚ್ಚಲಿಗೆ ಒಯ್ದು ನೀರು ಹಾಕಿದೆ, ಹೋಗಲಿಲ್ಲ. ದೇವರ ಹಿತ್ತಾಳೆ ಪಾತ್ರೆಗೆಂದು ನೆನೆಸಿಟ್ಟಿದ್ದ ಹುಣಸೆಹಣ್ಣು ಅಲ್ಲೇ ಇತ್ತು, ತೆಗೆದುಕೊಂಡು ಉಜ್ಜಿದೆ. ಹಿತ್ತಾಳೆಯ ಬುದ್ಧಿಯನ್ನು ಉಕ್ಕಿಗೆ ಹಚ್ಚಿದ್ದೇ ತಡ, ಕಲೆ ಹೋಗುವ ಬದಲು ಇನ್ನೂ ಎದ್ದಿತು. ಇನ್ನಷ್ಟು ಹುಣಸೆ, ಇನ್ನಷ್ಟು ಜೋರು. ಅಂಚಿನ ಕಡೆ ಒಂದು ಬಣ್ಣ, ಬೆನ್ನಿನ ಕಡೆ ಇನ್ನೊಂದು. ಆಮೇಲೆ ಕೈ ನಿಂತಿತು. ಎರಡರ ನಡುವೆ, ಮಂಜಿನೊಳಗಿಂದ ಬಂದಂತೆ, ಮೆಲ್ಲಗೆ ಏರಿ ಇಳಿದು ಒಂದು ಗೆರೆ ಅಲಗಿನುದ್ದಕ್ಕೂ ಹೋಗಿತ್ತು. ಹುಳಿ ಮುಟ್ಟದೆ ಅದು ಮುಖ ತೋರಿಸುವುದಿಲ್ಲ ಎಂದು ನಮಗೆ ಯಾರು ಹೇಳಿದ್ದರು? ನೊತಾರೆ. ಹೆಸರು ನನ್ನ ಬಾಯಿಗೇ ಬಂತು.

"ರೀ! ಬನ್ರೀ ಇಲ್ಲಿ! ನಿಮ್ಮ ಅಲೆ ಬಂದಿದೆ!" ಎಂದು ಗುಡಿ ಎಂಬುದನ್ನೂ ಮರೆತು ಕಿರುಚಿದೆ. ಅಂಗಳದಲ್ಲಿ ಬೆಲ್ಲ ಕದಡುತ್ತಿದ್ದವರು ಸೌಟು ಹಿಡಿದೇ ಓಡಿಬಂದರು. ಅಲಗನ್ನು ಎತ್ತಿ ಹಿಡಿದೆ. ಎಷ್ಟು ತಿಂಗಳು ಕಾದಿದ್ದರು ಅದಕ್ಕೆ. ನೋಡಿದರು. ಬೆರಳು ಮುಂದೆ ಮಾಡಿದರು. ಮಾಡಿದವರು, ಮಣೆಯ ಸಂದಿಯಲ್ಲಿ ಉಳಿದಿದ್ದ ಮಾವಿನ ಸಿಪ್ಪೆಯ ಚೂರು ಕಂಡು, "ಯಾರು ಹೆಚ್ಚಿದ್ದು ಇದರಲ್ಲಿ?" ಎಂದರು.

ನಾನು ಮಡಪಳ್ಳಿಯ ಬಾಗಿಲ ಕಡೆ ತೋರಿಸಿದೆ.

ಅಕ್ಕನ ಮುಂದೆ ಬೋಗುಣಿಯ ತುಂಬ ಮಾವಿನ ಹೋಳು, ಒಂದೇ ಸಮ, ಹಳೆಯ ಕೈಯ ಹೋಳು. ಇವರು ಹೊಸ್ತಿಲಲ್ಲೇ ಕೂತರು. "ಅಕ್ಕ, ನೀನೇ ಹೆಚ್ಚಿದ್ಯಾ?"

"ಇಲ್ಲ, ಜಪಾನಿನಿಂದ ಯಾರೋ ಬಂದಿದ್ರು" ಎಂದರು ಅಕ್ಕ.

ನಮ್ಮನೆಯವರು ಒಂದು ಹೋಳು ತೆಗೆದುಕೊಂಡು ಅಂಗೈಯಲ್ಲಿಟ್ಟು ನೋಡಿದರು. ಸೀಳಿದ ಅಲಗು ಕಂಡಾಗಲೂ ಅಳದವರು ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಅಲೆ ಹೊತ್ತ ಈಳಿಗೆ ನನ್ನ ಕೈಯಲ್ಲೇ ಇತ್ತು, ಅದರ ಕಡೆ ತಿರುಗಿ ನೋಡುವವರು ಒಬ್ಬರೂ ಇರಲಿಲ್ಲ.

"ಅದನ್ನ ಹಿಡ್ಕೊಂಡು ಏನೇ ನಿಂತೆ?" ಎಂದರು ಅಕ್ಕ ನನಗೆ. "ತಾ ಇಲ್ಲಿ. ಸೌತೇಕಾಯಿ ಹಾಗೇ ಇದೆ."